ಬಣ್ಣ ಉಳಿಯಬೇಕೆಂದರೆ: ಇಂಕ್‌ಜೆಟ್ ಚಿತ್ರಗಳ ಆಯುಷ್ಯ ಹೆಚ್ಚಿಸುವ ಬಗೆ

ಬ್ಯಾಡಗಿ ಎಪಿಎಂಸಿಯಲ್ಲಿ ಮೆಣಸಿನಕಾಯಿಗೆ ಬೆಲೆ ಕಟ್ಟುವವರು ಮೊದಲು ನೋಡುವುದು ಬಣ್ಣವನ್ನು, ಖಾರವನ್ನು ಆಮೇಲೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯ ಹೆಸರೇ ಅದರ ಕೆಂಪಿನ ಮೇಲೆ ನಿಂತಿದೆ. ಬಿಸಿಲು, ಕಾವು, ಗಾಳಿ ತಾಗುತ್ತಿದ್ದರೆ ಕೆಂಪು ಇಳಿಯುತ್ತದೆ ಎಂದು ಅಲ್ಲಿನ ರೈತರಿಗೂ ದಲಾಲರಿಗೂ ಯಾರೂ ಕಲಿಸಬೇಕಿಲ್ಲ. ಊರ ಸುತ್ತ ಕೋಲ್ಡ್ ಸ್ಟೋರೇಜುಗಳು ಎದ್ದಿರುವುದೇ ಆ ತಿಳಿವಳಿಕೆಯಿಂದ. ಅದೇ ಪೇಟೆಯ ಫೋಟೋ ಅಂಗಡಿಯಲ್ಲಿ ದೊಡ್ಡ ಪ್ರಿಂಟ್ ಹಾಕಿಸುವಾಗ ಮಾತ್ರ ನಾವು ಕೇಳುವುದು ಸೈಜು ಎಷ್ಟು, ರೇಟು ಎಷ್ಟು, ಯಾವಾಗ ಸಿಗುತ್ತದೆ ಎಂದಷ್ಟೇ. ಈ ಬಣ್ಣ ಎಷ್ಟು ವರ್ಷ ನಿಲ್ಲುತ್ತದೆ ಎಂಬ ಪ್ರಶ್ನೆ ಬಾಯಿಗೆ ಬರುವುದೇ ಇಲ್ಲ.

ಇಂದು ಹಾವೇರಿ ಜಿಲ್ಲೆಯ ಗೋಡೆಗಳ ಮೇಲೆ ಇಂಕ್‌ಜೆಟ್ ಯಂತ್ರದಿಂದ ಬಂದ ಚಿತ್ರಗಳೇ ಎಲ್ಲೆಲ್ಲೂ. ಡ್ರಾಯಿಂಗ್ ಮಾಸ್ತರರು ತಮ್ಮ ಜಲವರ್ಣದ ಪ್ರತಿ ತೆಗೆಸಿ ಮಾರುತ್ತಾರೆ. ಹವ್ಯಾಸಿ ಛಾಯಾಗ್ರಾಹಕರು ರಾಣೆಬೆನ್ನೂರು ಅಭಯಾರಣ್ಯದ ಕೃಷ್ಣಮೃಗವನ್ನೋ, ಚೌಡದಾನಪುರದ ಮುಕ್ತೇಶ್ವರ ಗುಡಿಯನ್ನೋ, ಹಾವೇರಿಯ ಸಿದ್ಧೇಶ್ವರ ಗುಡಿಯನ್ನೋ ದೊಡ್ಡದಾಗಿ ಪ್ರಿಂಟ್ ಮಾಡಿಸುತ್ತಾರೆ. ಅಜ್ಜ-ಅಜ್ಜಿಯರ ಹಳೆಯ ಕಪ್ಪು-ಬಿಳುಪು ಪಟ ಸ್ಕ್ಯಾನ್ ಆಗಿ ಹೊಸ ಚೌಕಟ್ಟಿಗೆ ಬರುತ್ತದೆ. ಇವುಗಳಲ್ಲಿ ಕೆಲವು ಎರಡೇ ಬೇಸಿಗೆಗೆ ಮಂಕಾದರೆ ಕೆಲವು ಒಂದು ತಲೆಮಾರು ದಾಟುತ್ತವೆ. ಈ ವ್ಯತ್ಯಾಸ ಹಣೆಬರಹದ್ದಲ್ಲ. ಇಂಕು, ಕಾಗದ, ಚೌಕಟ್ಟು, ಗೋಡೆ, ಈ ನಾಲ್ಕರ ಆಯ್ಕೆಯಲ್ಲೇ ಅದು ತೀರ್ಮಾನವಾಗುತ್ತದೆ. ಇವುಗಳಲ್ಲಿ ಗೋಡೆಯ ಆಯ್ಕೆಗೆ ಪೈಸೆಯ ಖರ್ಚಿಲ್ಲ.

ಕೆಟ್ಟ ಚಿತ್ರವೇ ಕಾರಣ ಹೇಳುತ್ತದೆ

ಹೊಸ ಪ್ರಿಂಟಿಗೆ ದುಡ್ಡು ಹಾಕುವ ಮೊದಲು ಮನೆಯಲ್ಲಿ ಈಗಾಗಲೇ ಮಾಸಿರುವ ಚಿತ್ರವನ್ನು ಇಳಿಸಿ ನೋಡಿ. ಇಂಕ್‌ಜೆಟ್ ಯಂತ್ರ ಮುಖ್ಯವಾಗಿ ಸಯಾನ್ ಎಂಬ ತಿಳಿನೀಲಿ, ಮಜೆಂಟಾ ಎಂಬ ಗುಲಾಬಿಗೆಂಪು, ಹಳದಿ, ಕಪ್ಪು ಇವುಗಳಿಂದಲೇ ಎಲ್ಲ ಬಣ್ಣಗಳನ್ನೂ ಕಟ್ಟುತ್ತದೆ. ಎಲ್ಲವೂ ಒಂದೇ ವೇಗದಲ್ಲಿ ಹೋಗುವುದಿಲ್ಲವಾದ್ದರಿಂದ ಯಾವುದು ಮೊದಲು ಹೋಯಿತು ಎನ್ನುವುದರಲ್ಲಿ ರೋಗದ ಸುಳಿವಿದೆ.

ಚಿತ್ರ ಕಿತ್ತಳೆ ಅಥವಾ ಕೆಂಪಿಗೆ ತಿರುಗಿದ್ದರೆ ಸಯಾನ್ ಹೋಗಿದೆ ಎಂದು ಅರ್ಥ. ಸಾಮಾನ್ಯವಾಗಿ ಇದು ಗಾಳಿಯ ಕೆಲಸ, ಅದರಲ್ಲೂ ಓಝೋನ್ ಅನಿಲದ್ದು. ಗಾಜಿಲ್ಲದೆ ತೂಗುಹಾಕಿದ ಪ್ರಿಂಟುಗಳಲ್ಲಿ ಇದು ಹೆಚ್ಚು. ಮಜೆಂಟಾ ಮೊದಲು ಹೋಗಿ ಮುಖಗಳು ಹಸಿರು ಛಾಯೆಗೆ ತಿರುಗಿದ್ದರೆ ಹೆಚ್ಚಾಗಿ ಬೆಳಕಿನ ಪೆಟ್ಟು. ಬಣ್ಣ ಇದ್ದೂ ಅಂಚುಗಳು ಕದಡಿ ಅಕ್ಷರಗಳು ದಪ್ಪಗಾಗಿದ್ದರೆ ತೇವ. ಚಿತ್ರ ನೆಟ್ಟಗಿದ್ದು ಬಿಳಿಯ ಭಾಗ ಮಾತ್ರ ಹಳದಿಯಾಗಿದ್ದರೆ ಕಾಗದವನ್ನೋ, ಹಿಂದಿನ ರಟ್ಟನ್ನೋ ದೂರಬೇಕು. ಚೌಕಟ್ಟಿನ ಪಟ್ಟಿ ಮುಚ್ಚಿದ್ದ ಅಂಚಿನಲ್ಲಿ ಬಣ್ಣ ತಾಜಾ ಇದ್ದು ನಡುವೆ ಮಾತ್ರ ಇಳಿದಿದ್ದರೆ ಆ ಗೋಡೆಗೆ ಬೆಳಕು ಜಾಸ್ತಿ. ಅಲ್ಲಿ ಹೊಸ ಪ್ರಿಂಟ್ ಹಾಕಿದರೂ ಅದೇ ಗತಿ.

ಗಾಳಿಯಿಂದಲೇ ಬಣ್ಣ ಹೋಗುತ್ತದೆ ಎಂಬುದು ಜಗತ್ತಿಗೆ ಚೆನ್ನಾಗಿ ಗೊತ್ತಾದದ್ದು 2000ದಲ್ಲಿ. ಎಪ್ಸನ್ ಕಂಪನಿಯ ಸ್ಟೈಲಸ್ ಫೋಟೋ 870 ಮತ್ತು 1270 ಪ್ರಿಂಟರುಗಳು ಹೊಸದಾಗಿ ಬಂದಿದ್ದವು. ಬೆಳಕಿಗೆ ಚೆನ್ನಾಗಿ ತಡೆಯುತ್ತವೆ ಎಂದು ಹೆಸರಾಗಿದ್ದ ಅವುಗಳ ಪ್ರಿಂಟುಗಳು ಹೊಳಪು ಕಾಗದದ ಮೇಲೆ ಕೆಲವರ ಮನೆಗಳಲ್ಲಿ ವಾರಗಳೊಳಗೇ ಕಿತ್ತಳೆಗೆ ತಿರುಗಿದವು. ಬೆಳಕಿನ ಪರೀಕ್ಷೆ ಮಾಡಿದವರು ಓಝೋನನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೇಗ ಒಣಗಲೆಂದು ಕಾಗದದ ಮೇಲ್ಪದರದಲ್ಲಿ ಇಟ್ಟಿದ್ದ ಸಣ್ಣ ರಂಧ್ರಗಳೇ ಗಾಳಿಯನ್ನು ಬಣ್ಣದವರೆಗೆ ಕರೆತರುತ್ತಿದ್ದವು. ಅಂಥ ರಂಧ್ರದ ಹೊಳಪು ಕಾಗದವೇ ಇವತ್ತಿಗೂ ನಮ್ಮ ಅಂಗಡಿಗಳಲ್ಲಿ ಹೆಚ್ಚು ಬಳಕೆಯಲ್ಲಿದೆ.

ಇಂಕು: ಡೈಯೋ ಪಿಗ್ಮೆಂಟೋ

ಡೈ ಇಂಕಿನಲ್ಲಿ ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುತ್ತದೆ. ಒಂದೊಂದು ಅಣುವೂ ಬಿಡಿಬಿಡಿಯಾಗಿ ಬೆಳಕಿಗೆ, ಗಾಳಿಗೆ ಒಡ್ಡಿಕೊಂಡಿರುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಕರಗದೆ ಅತಿ ಸಣ್ಣ ಕಣಗಳಾಗಿ ತೇಲುತ್ತದೆ. ಕಣದ ಮೇಲ್ಮೈ ಕೆಟ್ಟರೂ ಒಳಗಿನ ಬಣ್ಣ ಉಳಿದಿರುತ್ತದೆ. ಈ ಒಂದು ಕಾರಣಕ್ಕೇ ಪಿಗ್ಮೆಂಟ್ ಪ್ರಿಂಟಿನ ಆಯುಷ್ಯ ಹಲವು ಪಟ್ಟು ಹೆಚ್ಚು.

ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಕಾಣುವ ಆರು ಬಣ್ಣದ ಟ್ಯಾಂಕ್ ಪ್ರಿಂಟರುಗಳು, ಅಂದರೆ ಎಪ್ಸನ್ ಎಲ್805, ಎಲ್1800, ಈಚಿನ ಎಲ್8050, ಎಲ್18050, ಎಲ್ಲವೂ ಡೈ ಇಂಕಿನವು. ಬಣ್ಣ ಕಣ್ಣಿಗೆ ಹೊಳೆಯುತ್ತದೆ, ಖರ್ಚು ಕಡಿಮೆ. ಆಲ್ಬಮ್ಮಿನೊಳಗೆ ಕತ್ತಲೆಯಲ್ಲಿ ಇರುವ ಫೋಟೋಗೆ ಇದು ಸಾಕು. ಗೋಡೆಗೆ ಹಾಕುವ ಕಲಾಕೃತಿಗೆ ಪಿಗ್ಮೆಂಟ್ ಬೇಕು: ಎಪ್ಸನ್ ಶ್ಯೂರ್‌ಕಲರ್ ಪಿ700, ಪಿ900, ಕ್ಯಾನನ್ ಪ್ರೊ-300, ಪ್ರೊ-1000 ಅಂಥವು. ಹೆಸರು ಹೋಲುತ್ತದೆಂದು ಮೋಸಹೋಗಬೇಡಿ. ಕ್ಯಾನನ್ ಪ್ರೊ-200 ಡೈ ಇಂಕಿನದು, ಪ್ರೊ-300 ಪಿಗ್ಮೆಂಟಿನದು.

ಇಲ್ಲಿ ಇನ್ನೊಂದು ಎಚ್ಚರ. ಕಂಪನಿಯ ಇಂಕಿನ ಬದಲು ಬಾಟಲಿಯಲ್ಲಿ ಅಗ್ಗವಾಗಿ ಸಿಗುವ ಬೇರೆ ಇಂಕು ತುಂಬುವುದು ಎಲ್ಲ ಊರಿನಲ್ಲೂ ಇದೆ. ಪ್ರಿಂಟ್ ಬಂದ ದಿನ ಎರಡಕ್ಕೂ ವ್ಯತ್ಯಾಸ ಕಾಣದು. ಇಂಥ ರೀಫಿಲ್ ಇಂಕುಗಳನ್ನು ಪರೀಕ್ಷೆಗೆ ಒಡ್ಡಿದಾಗ ಎಷ್ಟೋ ಸಲ ಅವು ಮೂಲ ಇಂಕಿಗಿಂತ ತೀರ ಬೇಗ ಮಾಸಿವೆ. ಪ್ರಿಂಟರ್ ಯಾವುದು ಎಂದು ಕೇಳಿದರಷ್ಟೇ ಸಾಲದು, ಒಳಗಿರುವ ಇಂಕು ಯಾವುದು ಎಂದೂ ಕೇಳಿ.

ಮನೆತನದ ಹಳೆಯ ಕಪ್ಪು-ಬಿಳುಪು ಪಟಗಳಿಗೂ, ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರಂಥ ಸ್ವಾತಂತ್ರ್ಯ ಹೋರಾಟಗಾರರ ಭಾವಚಿತ್ರ ಹಾಕಿಸುವ ಶಾಲೆಗಳಿಗೂ ಒಂದು ಮಾತು. ಮೇಲೆ ಹೇಳಿದ ಟ್ಯಾಂಕ್ ಪ್ರಿಂಟರುಗಳಂಥ ಡೈ ಯಂತ್ರ ಬೂದು ಬಣ್ಣವನ್ನು ಬೇರೆ ಬಣ್ಣಗಳನ್ನು ಬೆರೆಸಿ ಮಾಡುತ್ತದೆ. ಒಂದು ಬಣ್ಣ ಇಳಿದರೆ ಇಡೀ ಪಟ ಹಸಿರೋ ನೇರಳೆಯೋ ಆಗಿಬಿಡುತ್ತದೆ. ಪಿಗ್ಮೆಂಟ್ ಯಂತ್ರಗಳಲ್ಲಿ ಕಪ್ಪಿನ ಜೊತೆಗೆ ಬೂದು ಇಂಕುಗಳೇ ಪ್ರತ್ಯೇಕವಾಗಿರುತ್ತವೆ. ಅವುಗಳ ಕಪ್ಪು ಇಂಗಾಲದ ಕಪ್ಪು. ಅದಕ್ಕಿಂತ ಗಟ್ಟಿಯಾದ ಬಣ್ಣ ಇಂಕ್‌ಜೆಟ್‌ನಲ್ಲಿ ಇಲ್ಲ. ಸಂಸ್ಥೆಗಳು ಇಂಥ ಪಟಗಳನ್ನು ಕಪ್ಪು-ಬಿಳುಪು ಮೋಡ್‌ನಲ್ಲಿ ಪಿಗ್ಮೆಂಟ್ ಪ್ರಿಂಟರಿನಲ್ಲೇ ಮಾಡಿಸುವುದು ಲೇಸು.

ಫ್ಲೆಕ್ಸ್ ಅಂಗಡಿಯ ಯಂತ್ರ ಬೇರೆ ಜಾತಿಯದು. ಅದರ ಸಾಲ್ವೆಂಟ್ ಇಂಕು ಹೊರಗಿನ ಬಿಸಿಲು-ಮಳೆಗೆಂದೇ ಮಾಡಿದ್ದು. ಇಂಕು ತಡೆದರೂ ಕೆಳಗಿನ ಪ್ಲಾಸ್ಟಿಕ್ ಹಾಳೆ ಬಿರುಸಾಗಿ ಸೀಳುತ್ತದೆ, ಸೂಕ್ಷ್ಮ ವಿವರವೂ ಬರುವುದಿಲ್ಲ. ಜಾತ್ರೆಯ ಕಮಾನಿಗೆ ಅದು ಸರಿ, ಮನೆಯ ಚಿತ್ರಕ್ಕೆ ಬೇಡ.

ಕಾಗದ: ಕೈಯಲ್ಲಿ ಯುವಿ ದೀಪ ಇರಲಿ

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಹೊಳಪಿನ ಫೋಟೋ ಪೇಪರ್ ಒಳಗೆ ಕಾಗದ, ಎರಡೂ ಮುಖಕ್ಕೆ ಪ್ಲಾಸ್ಟಿಕ್ ಲೇಪ. ಪಿಗ್ಮೆಂಟ್ ಇಂಕು ಹಾಕಿ ಗಾಜಿನಡಿ ಇಟ್ಟರೆ ಇದೂ ಚೆನ್ನಾಗಿಯೇ ಬಾಳುತ್ತದೆ. ಡೈ ಇಂಕು ಹಾಕಿ ಬಯಲಿಗೆ ಬಿಟ್ಟರೆ ಎಲ್ಲಕ್ಕಿಂತ ಬೇಗ ಕೆಡುವ ಜೋಡಿಯೂ ಇದೇ.

ಕಲಾಕೃತಿಯ ಪ್ರತಿಗೆ ಉತ್ತಮವಾದದ್ದು ನೂರಕ್ಕೆ ನೂರು ಹತ್ತಿಯ ಕಾಗದ. ಮರದ ತಿರುಳಿನಲ್ಲಿರುವ ಲಿಗ್ನಿನ್ ಎಂಬ ಅಂಶವೇ ದಿನಪತ್ರಿಕೆಯನ್ನು ಹಳದಿ ಮಾಡುವುದು, ಹತ್ತಿಯಲ್ಲಿ ಅದಿಲ್ಲ. 1584ರಲ್ಲಿ ಶುರುವಾದ ಜರ್ಮನಿಯ ಹಾನೆಮ್ಯೂಲೆ ಗಿರಣಿಯ ಫೋಟೋ ರ‍್ಯಾಗ್ ಎಂಬ 308 ಜಿಎಸ್ಎಂ ಕಾಗದ ಈ ವರ್ಗದಲ್ಲಿ ಹೆಸರುವಾಸಿ. ಹಾವೇರಿ, ರಾಣೆಬೆನ್ನೂರಿನ ಅಂಗಡಿಗಳಲ್ಲಿ ಇಂಥದ್ದು ಇಲ್ಲದಿದ್ದರೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ತರಿಸಿಕೊಡಲು ಹೇಳಬಹುದು, ಅಥವಾ ಫೈಲ್ ಕಳಿಸಿ ಅಲ್ಲಿಯೇ ಪ್ರಿಂಟ್ ಮಾಡಿಸಬಹುದು. ಹತ್ತಿ ಕಾಗದದ ಲೇಪ ಮೃದು. ಬೆರಳು, ಉಗುರು ತಾಗಿದರೆ ಕಪ್ಪು ಭಾಗದಲ್ಲಿ ಗೀರು ಬೀಳುತ್ತದೆ, ಆದ್ದರಿಂದ ಹತ್ತಿಯ ಕೈಗವಸು ಹಾಕಿಕೊಂಡೇ ಮುಟ್ಟಬೇಕು.

ಹತ್ತಿಯಾಗಲಿ ಮರದ ತಿರುಳಾಗಲಿ, ಬಿಳುಪು ಹೆಚ್ಚಿಸಲು ಕಾಗದಕ್ಕೆ ಆಪ್ಟಿಕಲ್ ಬ್ರೈಟ್ನರ್ ಬೆರೆಸುವುದುಂಟು. ಬಟ್ಟೆಗೆ ಹಾಕುವ ಪುಡಿಯಲ್ಲೂ ಇರುವ ವಸ್ತು ಇದು. ಕಣ್ಣಿಗೆ ಕಾಣದ ನೇರಳಾತೀತ (ಯುವಿ) ಬೆಳಕನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ. ವರ್ಷಗಳು ಕಳೆದಂತೆ ಆ ಹೊಳಪು ಸತ್ತು ಕಾಗದ ತನ್ನ ಮೂಲದ ಕೆನೆ ಬಣ್ಣಕ್ಕೆ ಇಳಿಯುತ್ತದೆ, ಆಗ ಚಿತ್ರದ ಬಣ್ಣಗಳೆಲ್ಲ ಹಳದಿಗೆ ವಾಲಿದಂತೆ ಕಾಣುತ್ತವೆ. ಇದನ್ನು ಪತ್ತೆ ಮಾಡುವುದು ಸುಲಭ. ಅಂಗಡಿಗಳಲ್ಲಿ ಖೋಟಾ ನೋಟು ಹಿಡಿಯಲು ಇಟ್ಟಿರುವ ಯುವಿ ದೀಪದಡಿ ಖಾಲಿ ಕಾಗದ ಹಿಡಿಯಿರಿ. ಅಸಲಿ ನೋಟಿನ ಕಾಗದದಂತೆ ಮಂಕಾಗಿದ್ದರೆ ಬ್ರೈಟ್ನರ್ ಇಲ್ಲ. ನೀಲಿಯಾಗಿ ಹೊತ್ತಿಕೊಂಡಂತೆ ಹೊಳೆದರೆ ಹೇರಳವಾಗಿದೆ.

ಪ್ರಿಂಟ್ ಬಂದ ಮೊದಲ ದಿನ

ಮುಟ್ಟಿದರೆ ಒಣಗಿದೆ ಎನಿಸಿದರೂ ಇಂಕಿನೊಳಗಿನ ಗ್ಲೈಕಾಲ್ ಮುಂತಾದ ದ್ರವಗಳು ನಿಧಾನವಾಗಿ ಆರುತ್ತಿರುತ್ತವೆ. ತಕ್ಷಣ ಗಾಜು ಹಾಕಿ ಮುಚ್ಚಿದರೆ ಕೆಲವೇ ದಿನಗಳಲ್ಲಿ ಗಾಜಿನ ಒಳಮುಖಕ್ಕೆ ಎಣ್ಣೆಯಂಥ ಮಂಜು ಹಿಡಿಯುತ್ತದೆ. ಅದು ತೇವವಲ್ಲ, ಇಂಕಿನದೇ ಹಬೆ. ಪ್ರಿಂಟನ್ನು ಸ್ವಲ್ಪ ಹೊತ್ತು ಬಿಡಿಯಾಗಿ ಮಲಗಿಸಿ. ಆಮೇಲೆ ಮೇಲೆ ಬಿಳಿಯ ಸಾದಾ ಕಾಗದ ಹೊದಿಸಿ ಒಂದು ದಿನ ಬಿಡಿ. ಆ ಹೊದಿಕೆ ಅಲೆಯಲೆಯಾಗಿ ಸೊಟ್ಟಗಾದರೆ ಪ್ರಿಂಟ್ ಇನ್ನೂ ಹಬೆ ಬಿಡುತ್ತಿದೆ ಎಂದು ಅರ್ಥ. ಕಾಗದ ಬದಲಿಸಿ ಮತ್ತೊಂದು ದಿನ ಕಾಯಿರಿ. ಮಳೆಗಾಲದಲ್ಲಿ ಇನ್ನೂ ಹೆಚ್ಚು ದಿನ ಬೇಕು. ಹೊದಿಸಲು ದಿನಪತ್ರಿಕೆ ಬೇಡ. ಬೇಗ ಆರಲೆಂದು ಫ್ಯಾನಿನ ಕೆಳಗೆ ಇಡುವುದೂ ಬೇಡ, ಡೈ ಪ್ರಿಂಟಿಗೆ ರಭಸದ ಗಾಳಿಯೇ ವೈರಿ.

ಚೌಕಟ್ಟು: ಹೆಚ್ಚಿನ ಹಾನಿ ಆಗುವುದು ಇಲ್ಲೇ

ಒಳ್ಳೆಯ ಇಂಕು, ಒಳ್ಳೆಯ ಕಾಗದಕ್ಕೆ ದುಡ್ಡು ಕೊಟ್ಟವರೂ ಫ್ರೇಮ್ ಅಂಗಡಿಯಲ್ಲಿ ಎಡವುತ್ತಾರೆ. ವಾಡಿಕೆಯ ಕಟ್ಟು ಹೀಗಿರುತ್ತದೆ: ಮುಂದೆ ಗಾಜು, ಅದಕ್ಕೆ ಒತ್ತಿಕೊಂಡೇ ಪ್ರಿಂಟ್, ಹಿಂದೆ ಕಂದು ಹಾರ್ಡ್‌ಬೋರ್ಡ್ ಅಥವಾ ರಟ್ಟು, ಸುತ್ತ ಮೊಳೆ. ಇದರಲ್ಲಿ ಎರಡು ದೋಷ. ಮಳೆಗಾಲದಲ್ಲಿ ಪ್ರಿಂಟಿನ ಮೇಲ್ಪದರ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ, ಒಮ್ಮೆ ಅಂಟಿದರೆ ಕೀಳುವಾಗ ಚಿತ್ರವೇ ಎದ್ದು ಬರುತ್ತದೆ. ಎರಡನೆಯದು, ಹಾರ್ಡ್‌ಬೋರ್ಡು, ರಟ್ಟು, ಎಂಡಿಎಫ್ ಮೂರೂ ಆಮ್ಲೀಯ ಅಂಶ ಬಿಡುತ್ತವೆ. ಹಿಂದಿನಿಂದ ಅದು ಕಾಗದವನ್ನು ಹಳದಿ ಮಾಡುತ್ತದೆ.

ಪರಿಹಾರ ಸರಳ. ಪ್ರಿಂಟಿನ ಸುತ್ತ ಆಮ್ಲರಹಿತ ಮೌಂಟ್‌ಬೋರ್ಡಿನ ಅಂಚು ಕತ್ತರಿಸಿ ಇಡಿಸಿ. ಅದರ ದಪ್ಪದಿಂದಲೇ ಗಾಜಿಗೂ ಚಿತ್ರಕ್ಕೂ ಒಂದೆರಡು ಮಿಲಿಮೀಟರಿನಷ್ಟು ಸಂದು ಸಿಗುತ್ತದೆ. ಅಂಚು ಬೇಡವೆನಿಸಿದರೆ ಪಟ್ಟಿಯ ಒಳಗೆ ಮರೆಯಾಗುವ ಸಣ್ಣ ಸ್ಪೇಸರ್ ಹಾಕಿಸಿ. ಹಿಂದೆಯೂ ಆಮ್ಲರಹಿತ ಬೋರ್ಡು ಇರಲಿ. ಹಾರ್ಡ್‌ಬೋರ್ಡು ಬೇಕೇ ಬೇಕೆಂದರೆ ಅದಕ್ಕೂ ಪ್ರಿಂಟಿಗೂ ನಡುವೆ ಈ ಬೋರ್ಡು ಬರಲಿ. ಬೋರ್ಡು ಕೊಳ್ಳುವಾಗ ಪೊಟ್ಟಣದ ಮೇಲೆ 'ಆ್ಯಸಿಡ್ ಫ್ರೀ' ಎಂದಿದೆಯೇ ನೋಡಿ.

ಅಂಟಿನ ಮಾತು. ಪ್ರಿಂಟಿನ ಬೆನ್ನಿಗೆ ಫೆವಿಕಾಲ್ ಬಳಿಯುವುದು, ಸೆಲ್ಲೋಟೇಪು, ಕಂದು ಟೇಪು, ಎರಡು ಬದಿಯ ಅಂಟುಪಟ್ಟಿ, ಎಲ್ಲವೂ ಬೇಡ. ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಜಿನುಗಿ ಮುಂದಿನ ಮುಖಕ್ಕೂ ಕಲೆ ಬರುತ್ತದೆ. ನಾಲ್ಕು ಮೂಲೆಗೆ ಪ್ಲಾಸ್ಟಿಕ್ ಫೋಟೋ ಕಾರ್ನರ್ ಹಾಕಿ ಸಿಕ್ಕಿಸಿದರೆ ಸಾಕು, ಒಂದು ಹನಿ ಅಂಟೂ ಚಿತ್ರಕ್ಕೆ ತಾಗುವುದಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ತೆಳುವಾದ ಜಪಾನಿ ಕಾಗದದ ಎರಡು ಪಟ್ಟಿಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಮೇಲಂಚಿಗೆ ಮಾತ್ರ ಹಚ್ಚಿ ಚಿತ್ರವನ್ನು ತೂಗುಬಿಡುತ್ತಾರೆ. ಕಾಗದ ಹಿಗ್ಗಿ ಕುಗ್ಗಲು ಆಗ ಜಾಗವಿರುತ್ತದೆ. ನಾಲ್ಕೂ ಅಂಚು ಬಿಗಿದರೆ ಮೊದಲ ಮಳೆಗೇ ಸುಕ್ಕು.

ಗಾಜಿನ ಕೆಲಸ ಎರಡು: ಗಾಳಿ ತಡೆಯುವುದು, ನೇರಳಾತೀತ ಕಿರಣ ಸೋಸುವುದು. ಮೊದಲನೆಯದನ್ನು ಸಾದಾ ಗಾಜೂ ಚೆನ್ನಾಗಿ ಮಾಡುತ್ತದೆ. ಡೈ ಪ್ರಿಂಟನ್ನೂ ಓಝೋನಿನಿಂದ ಕಾಪಾಡುವ ಅತಿ ಅಗ್ಗದ ಉಪಾಯ ಗಾಜೇ. ಎರಡನೆಯದನ್ನು ಸಾದಾ ಗಾಜು ಅರ್ಧಂಬರ್ಧ ಮಾಡುತ್ತದೆ. ಯುವಿ ತಡೆಯುವ ಗಾಜು ಅಥವಾ ಆ್ಯಕ್ರಿಲಿಕ್ ಹಾಳೆ ತುಟ್ಟಿ, ಬೆಲೆಬಾಳುವ ಚಿತ್ರಕ್ಕೆ ಯೋಗ್ಯ. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಕೆಡಿಸುವುದರಿಂದ ಯುವಿ ಗಾಜು ಹಾಕಿಸಿ ಬಿಸಿಲಿಗೆ ತೂಗುಹಾಕಿದರೆ ದುಡ್ಡು ದಂಡ.

ಹಿಂದಿನ ಸಂದುಗಳನ್ನು ಕಾಗದದ ಟೇಪಿನಿಂದ ಪೂರ್ತಿ ಮುಚ್ಚಿಸಿ, ಧೂಳೂ ಹುಳವೂ ಬರುವ ದಾರಿ ಅದೇ. ಕೆಳಗಿನ ಎರಡು ಮೂಲೆಗೆ ರಬ್ಬರ್ ಅಥವಾ ಕಾರ್ಕಿನ ಬಿಲ್ಲೆ ಅಂಟಿಸಿದರೆ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡುತ್ತದೆ.

ಗೋಡೆಯ ಲೆಕ್ಕ

ಅಮೆರಿಕದ ಅಯೋವಾ ರಾಜ್ಯದ ಹೆನ್ರಿ ವಿಲ್‌ಹೆಲ್ಮ್ ಬಣ್ಣದ ಚಿತ್ರಗಳ ಬಾಳಿಕೆಯನ್ನು ದಶಕಗಳಿಂದ ಅಳೆಯುತ್ತ ಬಂದವರು. 1993ರಲ್ಲಿ ಬಂದ ಅವರ ಪುಸ್ತಕ ಈ ಕ್ಷೇತ್ರದ ಆಧಾರಗ್ರಂಥ. ಪ್ರಿಂಟರಿನ ಪೆಟ್ಟಿಗೆಯ ಮೇಲೆ ಕಾಣುವ 'ಇಷ್ಟು ವರ್ಷ' ಎಂಬ ಅಂಕಿಗಳು ಬಹಳಷ್ಟು ಅವರ ಸಂಸ್ಥೆಯಂಥ ಪ್ರಯೋಗಾಲಯಗಳಿಂದ ಬಂದವು. ಕೆಲವು ಪಿಗ್ಮೆಂಟ್ ಇಂಕು-ಕಾಗದದ ಜೋಡಿಗಳು ಗಾಜಿನಡಿ ನೂರು ವರ್ಷ ಮೀರಿದ ಅಂದಾಜು ಪಡೆದಿವೆ. ಆ ಅಂದಾಜಿನ ಹಿಂದೆ ಒಂದು ಷರತ್ತಿದೆ: ಚಿತ್ರದ ಮೇಲೆ ದಿನಕ್ಕೆ 12 ಗಂಟೆ 450 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕು, ಅದಕ್ಕಿಂತ ಹೆಚ್ಚಿಲ್ಲ. ಅಂದರೆ ದಿನಕ್ಕೆ 5,400 ಲಕ್ಸ್-ಗಂಟೆ.

ನಡುಹಗಲಿನ ನೇರ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೆ ಹೋಗುತ್ತದೆ. ಕಿಟಕಿ ದಾಟಿ ಅರ್ಧದಷ್ಟು, 50,000 ಲಕ್ಸ್, ದಿನಕ್ಕೆ ಅರ್ಧ ಗಂಟೆ ಮಾತ್ರ ಚಿತ್ರದ ಮೇಲೆ ಬಿತ್ತು ಎನ್ನಿ. ಅಷ್ಟಕ್ಕೇ 25,000 ಲಕ್ಸ್-ಗಂಟೆ ಆಯಿತು, ಷರತ್ತಿನ ನಾಲ್ಕೂವರೆ ಪಟ್ಟಿಗೂ ಮೇಲೆ. 50 ವರ್ಷದ ಪ್ರಿಂಟ್ 10 ವರ್ಷದ ಆಸುಪಾಸಿಗೆ ಇಳಿಯಿತು. ಅದೇ ಚಿತ್ರವನ್ನು 100 ಲಕ್ಸ್‌ನ ಒಳಗೋಡೆಗೆ ಹಾಕಿದರೆ ಬೆಳಕಿನ ಮಟ್ಟಿಗೆ ಆಯುಷ್ಯ ನಾಲ್ಕು ಪಟ್ಟಾಗುತ್ತದೆ. ವಸ್ತುಸಂಗ್ರಹಾಲಯಗಳು ಜಲವರ್ಣದಂಥ ನಾಜೂಕು ಚಿತ್ರಗಳಿಗೆ ಸುಮಾರು 50 ಲಕ್ಸ್ ಸಾಕೆನ್ನುತ್ತವೆ. ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ನಿಖರವಲ್ಲದಿದ್ದರೂ ಎರಡು ಗೋಡೆಗಳಲ್ಲಿ ಯಾವುದು ವಾಸಿ ಎಂದು ತಿಳಿಸುವಷ್ಟಕ್ಕೆ ಸಾಕು.

ನಮ್ಮ ಜಿಲ್ಲೆಯ ಬಿಸಿಲಿನ ದಾರಿ ಗೊತ್ತಿದ್ದರೆ ಗೋಡೆ ಆರಿಸುವುದು ಸುಲಭ. ಹಾವೇರಿ ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಬೆಳಗು ಸಂಜೆಗಳ ಓರೆ ಬಿಸಿಲು ಉತ್ತರದ ಕಿಟಕಿಯಿಂದಲೂ ಒಳಗೆ ಬರುತ್ತದೆ. ಉತ್ತರದ ಬೆಳಕು ಯಾವಾಗಲೂ ತಂಪು ಎಂಬ ಮಾತು ಯುರೋಪಿನ ಚಿತ್ರಕಾರರಿಗೆ ಸರಿ, ನಮಗೆ ಪೂರ್ತಿ ಸರಿಯಲ್ಲ. ಡಿಸೆಂಬರ್-ಜನವರಿಯಲ್ಲಿ ದಕ್ಷಿಣದ ಕಿಟಕಿಯ ಬಿಸಿಲು ಪಡಸಾಲೆಯ ಒಳಗೋಡೆಯವರೆಗೂ ಚಾಚುತ್ತದೆ. ಪಶ್ಚಿಮದ ಕಿಟಕಿಯ ಸಂಜೆ ಬಿಸಿಲು ನೆಟ್ಟಗೆ ಪೂರ್ವದ ಗೋಡೆಗೆ ಬಡಿಯುತ್ತದೆ. ಹಳೆಯ ಮನೆಗಳಲ್ಲಿ ಗವಾಕ್ಷಿಯಿಂದ ಇಳಿಯುವ ಬಿಸಿಲುಕೋಲು ದಿನವಿಡೀ ಗೋಡೆಯಿಂದ ಗೋಡೆಗೆ ಸರಿಯುತ್ತದೆ.

ಆದ್ದರಿಂದ ಕಿಟಕಿಯ ಎದುರು ಗೋಡೆ ಬೇಡ. ಕಿಟಕಿ ಇರುವ ಗೋಡೆಯ ಮೇಲೆಯೇ, ಅದರ ಪಕ್ಕದಲ್ಲಿ ತೂಗುಹಾಕಿದರೆ ನೇರ ಬೆಳಕು ತಾಗುವುದಿಲ್ಲ. ಅದಕ್ಕಿಂತ ಒಳ್ಳೆಯದು ಎರಡು ಕೋಣೆಗಳ ನಡುವಿನ ಒಳಗೋಡೆ. ಮುಂಗಾರಿನ ಮಳೆ ನೈಋತ್ಯದ ಗಾಳಿಯ ಜೊತೆ ಬಂದು ಪಶ್ಚಿಮ ಮತ್ತು ದಕ್ಷಿಣದ ಹೊರಗೋಡೆಗಳನ್ನು ನೆನೆಸುವುದರಿಂದ ಆ ಗೋಡೆಗಳ ಒಳಮುಖಕ್ಕೂ ಚಿತ್ರ ಹಾಕದಿದ್ದರೆ ಕ್ಷೇಮ. ಹೊಸದಾಗಿ ಗಿಲಾವು ಮಾಡಿದ, ಎಣ್ಣೆ ಬಣ್ಣ ಬಳಿದ ಗೋಡೆಗಳು ತೇವ ಆರಿ ವಾಸನೆ ಪೂರ್ತಿ ಹೋಗುವವರೆಗೆ ಖಾಲಿ ಇರಲಿ.

ಗ್ಯಾಸ್ ಒಲೆಯ ಹೊಗೆ, ಊದುಬತ್ತಿ, ಲೋಬಾನದ ಧೂಪ ಇವುಗಳಿಂದ ಚಿತ್ರ ದೂರವಿರಲಿ. ಝೆರಾಕ್ಸ್ ಯಂತ್ರದ ಪಕ್ಕ, ವೆಲ್ಡಿಂಗ್ ಅಂಗಡಿಯ ನೆರೆಯಲ್ಲಿ ಓಝೋನ್ ಹೆಚ್ಚು. ಅಯಾನ್ ಬಿಡುವ ಬಗೆಯ ಏರ್ ಪ್ಯೂರಿಫೈಯರ್ ಕೂಡ ಓಝೋನ್ ಹುಟ್ಟಿಸಬಲ್ಲದು. ಬ್ಯಾಡಗಿಯಲ್ಲಿ ಮಾರುಕಟ್ಟೆಗೆ ಸಮೀಪದ ಮನೆಗಳು ಹಂಗಾಮಿನಲ್ಲಿ ಮೆಣಸಿನ ಧೂಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದರ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ಗಾಜಿಲ್ಲದ ಕಾಗದದ ಮೇಲೆ ಕೂತರೆ ಒರೆಸಿದಷ್ಟೂ ಹರಡುತ್ತದೆ.

ಹಿರಿಯರ ಪಟಕ್ಕೆ ಹಾರ ಹಾಕುವ ಮನೆಗಳಿಗೆ: ಹೂವಿನ ಹಾರದ ನೀರು ಚೌಕಟ್ಟಿನ ಕೆಳಪಟ್ಟಿಗೆ ಇಳಿದು ಪ್ರಿಂಟಿನ ಅಂಚು ಉಬ್ಬುತ್ತದೆ. ಹಾವೇರಿಯ ಏಲಕ್ಕಿ ಹಾರ ಒಣ ಹಾರ, ಆ ತೊಂದರೆ ಇಲ್ಲ. ಕುಂಕುಮ ಹಚ್ಚುವುದಿದ್ದರೆ ಗಾಜಿನ ನಡುವೆ ಹಚ್ಚಿ, ಅಂಚಿಗೆ ಬೇಡ. ಒರೆಸುವಾಗ ನೀರನ್ನು ಬಟ್ಟೆಗೆ ಚಿಮುಕಿಸಿ, ಗಾಜಿಗೆ ನೇರವಾಗಿ ಅಲ್ಲ.

ಮಳೆಗಾಲ ಮತ್ತು ಕಪಾಟು

ಗಾಳಿಯ ತೇವಾಂಶ ಶೇಕಡಾ 30ರಿಂದ 50ರ ನಡುವೆ ಇದ್ದರೆ ಪ್ರಿಂಟಿಗೆ ಹಿತ. 65 ದಾಟಿ ದಿನಗಟ್ಟಲೆ ನಿಂತರೆ ಬೂಸು ಹಿಡಿಯಬಹುದು, 80 ದಾಟಿದರೆ ಡೈ ಇಂಕು ಕಾಗದದೊಳಗೇ ಹರಿದಾಡುತ್ತದೆ. ಜಿಲ್ಲೆಯ ಪಶ್ಚಿಮಕ್ಕಿರುವ ಹಾನಗಲ್ಲ ಕಡೆಯವರು ರಾಣೆಬೆನ್ನೂರಿನ ಬಯಲಿನವರಿಗಿಂತ ಹೆಚ್ಚು ಎಚ್ಚರ ವಹಿಸಬೇಕು. ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಒಂದು ಕೋಣೆಯಲ್ಲಿದ್ದರೆ ಊಹೆಯ ಅಗತ್ಯವಿಲ್ಲ.

ತೂಗುಹಾಕದ ಪ್ರಿಂಟುಗಳನ್ನು ಸುರುಳಿ ಸುತ್ತಿಡಬೇಡಿ, ಮಟ್ಟಸವಾಗಿ ಮಲಗಿಸಿ. ಒಂದೊಂದರ ನಡುವೆ ಆಮ್ಲರಹಿತ ಕಾಗದ ಇಡಿ, ಅಥವಾ ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ಕವರುಗಳಲ್ಲಿ ಹಾಕಿ. ಹೊಸ ರೇನ್‌ಕೋಟಿನ ವಾಸನೆ ಬರುವ ಪಿವಿಸಿ ಕವರು ಮಾತ್ರ ಬೇಡವೇ ಬೇಡ. ನೆಲಕ್ಕೆ ತಾಗಿದ ಟ್ರಂಕಿಗಿಂತ ಕಬ್ಬಿಣದ ಕಪಾಟಿನ ಮೇಲಿನ ಖಾನೆ ವಾಸಿ, ತೇವವೂ ಗೆದ್ದಲೂ ಕೆಳಗಿನಿಂದಲೇ ಬರುತ್ತವೆ. ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಮಳೆಗಾಲದಲ್ಲಿ ಆಗಾಗ ಒಣಗಿಸಿ ಇಡಬೇಕು, ಇಲ್ಲದಿದ್ದರೆ ಅದು ಹೀರಿದ ನೀರನ್ನೇ ಮತ್ತೆ ಬಿಡುತ್ತದೆ. ನುಸಿಗುಳಿಗೆ ಪ್ರಿಂಟಿಗೆ ತಾಗಬಾರದು.

ಲ್ಯಾಮಿನೇಷನ್, ಸ್ಪ್ರೇ, ಕ್ಯಾನ್ವಾಸ್

ಬಿಸಿ ಲ್ಯಾಮಿನೇಷನ್ ಗಾಳಿಯನ್ನೂ ನೀರನ್ನೂ ತಡೆಯುತ್ತದೆ, ಬೆಳಕನ್ನು ತಡೆಯುವುದಿಲ್ಲ. ಒಮ್ಮೆ ಮಾಡಿದರೆ ಬಿಡಿಸಲಾಗದು. ಗುರುತಿನ ಚೀಟಿಗೆ ಸರಿ. ಮೂಲ ಕಲಾಕೃತಿಯನ್ನೋ, ಮತ್ತೆ ಮಾಡಿಸಲಾಗದ ಒಂದೇ ಪ್ರತಿಯನ್ನೋ ಲ್ಯಾಮಿನೇಷನ್ ಮಾಡಿಸಬೇಡಿ. ಎಂಡಿಎಫ್ ಹಲಗೆಗೆ ಅಂಟಿಸಿ ಮೇಲೆ ಪ್ಲಾಸ್ಟಿಕ್ ಪೊರೆ ಒತ್ತುವ ಕಟ್ಟಿಗೂ ಇದೇ ಮಾತು.

ಇಂಕ್‌ಜೆಟ್ ಪ್ರಿಂಟಿಗೆಂದೇ ಮಾಡಿದ ರಕ್ಷಕ ಸ್ಪ್ರೇಗಳು ಸಿಗುತ್ತವೆ. ಪ್ರಿಂಟ್ ಪೂರ್ತಿ ಆರಿದ ಮೇಲೆ, ಗಾಳಿಯಾಡುವ ಜಾಗದಲ್ಲಿ ಮುಖಗವಸು ಹಾಕಿಕೊಂಡು, ಒಂದೇ ಸಲ ತೊಯ್ಯಿಸದೆ ತೆಳುವಾಗಿ ಎರಡು ಮೂರು ಪದರ ಹೊಡೆಯಬೇಕು. ಮಳೆ ಹಿಡಿದ ದಿನ ಹೊಡೆದರೆ ಬಿಳಿ ಮಂಜಿನಂತೆ ಕಲೆ ಉಳಿಯುತ್ತದೆ. ಮರಕ್ಕೆ, ಕಬ್ಬಿಣಕ್ಕೆ ಬಳಸುವ ವಾರ್ನಿಷ್ ಇಲ್ಲಿ ಸಲ್ಲದು, ಹಳದಿಯಾಗುತ್ತದೆ. ಕ್ಯಾನ್ವಾಸ್ ಪ್ರಿಂಟಿಗೆ ಗಾಜಿರುವುದಿಲ್ಲ, ಚೌಕಟ್ಟಿನ ಅಂಚಿನಲ್ಲಿ ಮಡಿಚುವಾಗ ಇಂಕು ಬಿರಿಯುತ್ತದೆ. ಆದ್ದರಿಂದ ಕ್ಯಾನ್ವಾಸಿಗೆ ಲೇಪ ಕಡ್ಡಾಯ ಎಂದೇ ತಿಳಿಯಿರಿ.

ಮನೆಯಲ್ಲೇ ಪರೀಕ್ಷೆ

ಹೇಳಿಕೆಗಳನ್ನು ನಂಬುವ ಬದಲು ನೀವೇ ನೋಡಬಹುದು. ಅಂಗಡಿಯಿಂದ ಒಂದೇ ಚಿತ್ರದ ಪುಟ್ಟ ಪ್ರತಿ ತೆಗೆಸಿ ಮೂರು ತುಂಡು ಮಾಡಿ. ಒಂದನ್ನು ದಪ್ಪ ಪುಸ್ತಕದೊಳಗೆ ಮುಚ್ಚಿಡಿ. ಎರಡನೆಯದನ್ನು ಪಶ್ಚಿಮದ ಕಿಟಕಿಯ ಗಾಜಿಗೆ, ಚಿತ್ರ ಹೊರಮುಖವಾಗಿ ಅಂಟಿಸಿ. ಮೂರನೆಯದನ್ನು ಬಿಸಿಲು ತಾಗದ, ಗಾಳಿಯಾಡುವ ಕಡೆ ಬಯಲಾಗಿ ತೂಗುಬಿಡಿ. ಫೆಬ್ರವರಿಯಲ್ಲಿ ಶುರು ಮಾಡಿದರೆ ಮೇ ಕೊನೆಗೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡನೆಯದು ಇಳಿದಿದ್ದರೆ ಇಂಕು ಬೆಳಕಿಗೆ ದುರ್ಬಲ, ಮೂರನೆಯದು ಇಳಿದಿದ್ದರೆ ಗಾಳಿಗೆ ದುರ್ಬಲ. ಸ್ಟುಡಿಯೋ ನಡೆಸುವವರು ಪ್ರತಿ ಹೊಸ ಇಂಕು, ಕಾಗದಕ್ಕೂ ಇದನ್ನು ಮಾಡಿದರೆ ಗಿರಾಕಿಗೆ ಧೈರ್ಯವಾಗಿ ಮಾತು ಕೊಡಬಹುದು.

ಡೈಯೋ ಪಿಗ್ಮೆಂಟೋ ತಿಳಿಯಲು ಸಾದಾ ಬಿಳಿ ಕಾಗದದ ಮೇಲೆ ಬಣ್ಣದ ಪಟ್ಟೆಗಳನ್ನು ಪ್ರಿಂಟ್ ಮಾಡಿಸಿ, ಒಣಗಿದ ಮೇಲೆ ಒಂದು ಹನಿ ನೀರು ಬಿಡಿ. ಬಣ್ಣ ಹರಿದರೆ ಡೈ ಎನ್ನಬಹುದು. ಹೊಳಪಿನ ಫೋಟೋ ಪೇಪರಿನ ಮೇಲೆ ಈ ಪರೀಕ್ಷೆ ನಂಬಬೇಡಿ, ಅದರ ಲೇಪ ಡೈಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕಪ್ಪು ಪಟ್ಟೆಯೊಂದನ್ನೇ ನೋಡಿ ತೀರ್ಮಾನಿಸಲೂಬೇಡಿ. ಕೆಲವು ಕಚೇರಿ ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದವು ಡೈ.

ಪ್ರಿಂಟ್ ಹಾಕಿಸಲು ಹೋಗುವಾಗ

1. ಇಂಕು ಡೈಯೋ ಪಿಗ್ಮೆಂಟೋ, ಕಂಪನಿಯದೋ ರೀಫಿಲ್ಲೋ ಎಂದು ಮೊದಲೇ ಕೇಳಿ. ಗೋಡೆಗಾದರೆ ಕಂಪನಿಯ ಪಿಗ್ಮೆಂಟ್.

2. ಖಾಲಿ ಕಾಗದದ ತುಂಡು ಕೇಳಿ ಪಡೆದು ಯುವಿ ದೀಪದಡಿ ನೋಡಿ.

3. ಪ್ರಿಂಟ್ ಕೈಗೆ ಬಂದ ದಿನವೇ ಫ್ರೇಮ್ ಹಾಕಿಸಬೇಡಿ. ಕನಿಷ್ಠ ಒಂದು ದಿನ ಆರಲಿ.

4. ಫ್ರೇಮ್ ಅಂಗಡಿಯಲ್ಲಿ ಹೇಳಬೇಕಾದ್ದು ಮೂರು: ಗಾಜು ತಾಗಬಾರದು, ಹಿಂದೆ ಆಮ್ಲರಹಿತ ಬೋರ್ಡು, ಅಂಟು ಬೇಡ. ಅವರು ಕೆಲಸ ಮಾಡುವಾಗ ಎದುರಿಗೇ ನಿಲ್ಲಿ. ಮುಚ್ಚಿದ ಮೇಲೆ ಒಳಗೇನಿದೆ ಎಂದು ತಿಳಿಯುವುದಿಲ್ಲ.

5. ಹೆಚ್ಚು ಖರ್ಚು ಮಾಡಲಾಗದಿದ್ದರೆ ಸರದಿ ಹೀಗಿರಲಿ: ಮೊದಲು ಸರಿಯಾದ ಗೋಡೆ, ಆಮೇಲೆ ಸಂದು ಬಿಟ್ಟ ಗಾಜು, ಆಮೇಲೆ ಪಿಗ್ಮೆಂಟ್, ಕೊನೆಗೆ ಹತ್ತಿ ಕಾಗದ ಮತ್ತು ಯುವಿ ಗಾಜು. ಅಗ್ಗದ ಡೈ ಪ್ರಿಂಟ್ ಕೂಡ ಮಬ್ಬು ಬೆಳಕಿನ ಒಳಗೋಡೆಯ ಮೇಲೆ, ಗಾಜಿನಡಿ, ಬಿಸಿಲಿಗೆ ಬಿದ್ದ ದುಬಾರಿ ಪ್ರಿಂಟಿಗಿಂತ ಚೆನ್ನಾಗಿ ಬಾಳಬಹುದು.

6. ಚೌಕಟ್ಟಿನ ಹಿಂದೆ ಒಂದು ಚೀಟಿ ಅಂಟಿಸಿ, ಪೆನ್ಸಿಲಿನಲ್ಲಿ ತಿಂಗಳು-ವರ್ಷ, ಪ್ರಿಂಟರ್, ಇಂಕು, ಕಾಗದ, ಫೈಲಿನ ಹೆಸರು ಬರೆಯಿರಿ. ಫೈಲನ್ನು ಟಿಫ್ ರೂಪದಲ್ಲಿ ಎರಡು ಬೇರೆ ಕಡೆ ಇಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ಅದನ್ನು ಮೂಲವೆಂದು ಉಳಿಸಿಕೊಳ್ಳಬೇಡಿ. ಚಿತ್ರಕಾರರು ಮಾರುವ ಪ್ರತಿಯ ಜೊತೆಗೂ ಇಂಥ ಚೀಟಿ ಕೊಡುವುದು ರೂಢಿಯಾಗಲಿ. ಕೊಂಡವರಿಗೆ ತಾವು ದುಡ್ಡು ಕೊಟ್ಟದ್ದು ಯಾವ ಇಂಕಿಗೆ, ಯಾವ ಕಾಗದಕ್ಕೆ ಎಂದು ತಿಳಿದಿರುತ್ತದೆ. ಹತ್ತು ವರ್ಷದ ಮೇಲೆ ಚಿತ್ರ ಹೇಗಿದೆ ಎಂದು ನೋಡಿ ಮುಂದಿನ ಪ್ರಿಂಟಿಗೆ ಏನು ಬದಲಿಸಬೇಕೆಂದು ಚಿತ್ರಕಾರರೂ ತೀರ್ಮಾನಿಸಬಹುದು.